ಹುಳಿಗೂ ಒಂದು ಊರು

ಪಾನಕಕ್ಕೆ ಬೆಲ್ಲ ಎಷ್ಟು ಹಾಕಬೇಕೆಂದು ಎಲ್ಲರೂ ಕೇಳುತ್ತಾರೆ. ಹುಳಿ ಯಾವುದೆಂದು ಕೇಳುವವರು ಕಡಿಮೆ. ನನಗೆ ಆ ಎರಡನೆಯ ಪ್ರಶ್ನೆಯೇ ದೊಡ್ಡದು. ಸಿಹಿಗೆ ಊರು-ಕೇರಿಯ ಹಂಗಿಲ್ಲ. ಮಂಡ್ಯದ ಬೆಲ್ಲವಾಗಲಿ ಅನಕಾಪಲ್ಲಿಯ ಬೆಲ್ಲವಾಗಲಿ, ನೀರಿಗೆ ಬಿದ್ದು ಕರಗಿದ ಮೇಲೆ ಕುಲಗೋತ್ರ ಕೇಳುವಂತಿಲ್ಲ. ಹುಳಿಗೆ ಒಂದು ಮರ ಬೇಕು, ಆ ಮರಕ್ಕೆ ಅದರದೇ ಮಣ್ಣು, ಅದರದೇ ಮಳೆ ಬೇಕು. ಬೇಸಗೆಯಲ್ಲಿ ನಿಮ್ಮ ಮನೆಯಲ್ಲಿ ಏನನ್ನು ಕಿವುಚಿ, ಹಿಂಡಿ ಕುಡಿಯುತ್ತಾರೆ ಎಂದು ಗೊತ್ತಾದರೆ ನೀವು ಘಟ್ಟದವರೋ, ಕರಾವಳಿಯವರೋ, ಬಯಲುಸೀಮೆಯವರೋ ಎಂದು ಹೇಳುವುದು ಕಷ್ಟವಲ್ಲ. ಜ್ಯೋತಿಷಿಗಳು ಜಾತಕ ತೆಗೆಸುವ ಬದಲು ಒಂದು ಲೋಟ ಪಾನಕ ತರಿಸಿದರೆ ಅರ್ಧ ಕೆಲಸ ಮುಗಿಯುತ್ತದೆ.

ಈ ವಿದ್ಯೆ ಕಲಿಯಲು ಕುಷಾಯಿಗೂಡದಂಥ ಊರು ಬೇಕು. ಹೈದರಾಬಾದಿನ ಈಶಾನ್ಯಕ್ಕಿರುವ ಈ ಬಡಾವಣೆಗೆ ಪ್ರವಾಸಿಗಳು ಬರುವುದಿಲ್ಲ; ಬಂದರೂ ನೋಡುವುದಕ್ಕೆ ಏನಿಲ್ಲ. ಬಸ್ ಡಿಪೋ ಇದೆ, ರೈತು ಬಜಾರ್ ಇದೆ, ಅತ್ತ ಕಾಪ್ರಾ ಕೆರೆ, ಇತ್ತ ಮೌಲಾ ಅಲಿ ಗುಡ್ಡ, ಪಕ್ಕದಲ್ಲಿ ಚೆರ್ಲಪಲ್ಲಿಯ ಕಾರ್ಖಾನೆಗಳು. 1967ರಲ್ಲಿ ಎ. ಎಸ್. ರಾವ್ ಅವರ ಮುಂದಾಳ್ತನದಲ್ಲಿ ಎಲೆಕ್ಟ್ರಾನಿಕ್ಸ್ ಉದ್ಯಮವಾದ ಇಸಿಐಎಲ್ ಶುರುವಾಯಿತು. 1971ರಲ್ಲಿ ಅಣು ಇಂಧನದ ಎನ್‌ಎಫ್‌ಸಿ ಬಂತು. ಅವುಗಳ ಬೆನ್ನಿಗೆ ದೇಶದ ಮೂಲೆಮೂಲೆಯಿಂದ ಕೆಲಸದವರು ಬಂದರು, ಕೆಲಸದವರ ಬೆನ್ನಿಗೆ ಅವರವರ ಉಪ್ಪಿನಕಾಯಿ ಭರಣಿಗಳು ಬಂದವು. ನಾನು ಚೆರ್ಲಪಲ್ಲಿಯ ಒಂದು ಸಣ್ಣ ಕಾರ್ಖಾನೆಯ ಲೆಕ್ಕ ಬರೆಯಲು ಶಿರಸಿ ಕಡೆಯಿಂದ ಬಂದವನು. ಕನ್ನಡದ ಗಾಳಿ ಬೇಕೆನಿಸಿದರೆ ಕಾಚಿಗೂಡದ ತನಕ ಹೋಗಬೇಕು. ಅಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗ ಶಾಲೆಯಿದೆ. ಕುಷಾಯಿಗೂಡದ ನಮ್ಮ ಕಟ್ಟಡದಲ್ಲಿ ಎದುರುಮನೆ ಒಡಿಶಾದವರದು, ಮೇಲೆ ಬಂಗಾಳಿಗಳು, ಕೆಳಗೆ ಸೋಲಾಪುರದ ಮರಾಠಿ ಕುಟುಂಬ, ಮೂಲೆಮನೆಯಲ್ಲಿ ನಲ್ಗೊಂಡದ ರೆಡ್ಡಿಗಾರು. ಇವರಲ್ಲಿ ಯಾರನ್ನಾದರೂ ಊಟಕ್ಕೆ ಕರೆಯಬೇಕಾದರೆ ಮೀನು, ಮೊಟ್ಟೆ, ಬೆಳ್ಳುಳ್ಳಿ, ಏಕಾದಶಿ ಎಂದು ನೂರೆಂಟು ಲೆಕ್ಕ ಹಾಕಬೇಕು. ಒಂದು ಲೋಟ ಪಾನಕಕ್ಕೆ ಆ ಯಾವ ಲೆಕ್ಕವೂ ಇಲ್ಲ. ಮಾರ್ಚ್ ಮುಗಿಯುತ್ತಿದ್ದಂತೆ ನಮ್ಮ ಮೆಟ್ಟಿಲ ಮೇಲೆ ಚೊಂಬು, ಲೋಟ, ಸ್ಟೀಲ್ ಡಬ್ಬಿಗಳ ಓಡಾಟ ಶುರುವಾಗುತ್ತದೆ.

ಇಲ್ಲಿಯ ಬಿಸಿಲಿನ ಬಗ್ಗೆಯೂ ಎರಡು ಮಾತು ಹೇಳಬೇಕು. ಹೈದರಾಬಾದು ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಎತ್ತರದಲ್ಲಿ, ದಖನ್ನಿನ ಬಂಡೆಗಳ ಮೇಲೆ ಕೂತ ಊರು. ಮೇ ಕೊನೆಗೆ ರೋಹಿಣಿ ಕಾರ್ತೆ ಬಂದರೆ ಒರಳುಕಲ್ಲು ಒಡೆಯುತ್ತದೆಂದು ತೆಲುಗರ ಗಾದೆ. ನನ್ನ ಮನೆಯಾಕೆ ರಾಯಚೂರಿನವಳು. ಅವಳ ಊರಲ್ಲಿ ಅದೇ ರೋಹಿಣಿಗೆ ಮಳೆಯಾದರೆ ಓಣಿ ತುಂಬ ಜೋಳ ಎಂಬ ಆಸೆಯ ಗಾದೆಯಿದೆ. ಒಂದೇ ನಕ್ಷತ್ರ, ಎರಡು ಕಡೆಯ ಜನ ಅದರಿಂದ ಬೇರೆಬೇರೆ ನಿರೀಕ್ಷಿಸುತ್ತಾರೆ, ಕೊನೆಗೆ ಅದು ಇಬ್ಬರಿಗೂ ಬಿಸಿಲನ್ನೇ ಕೊಡುತ್ತದೆ. ಇದು ಒಣ ಬಿಸಿಲು. ಹೊನ್ನಾವರದಲ್ಲಿ, ಕುಮಟೆಯಲ್ಲಿ ಬೆವರು ಮೈಗೆ ಅಂಟಿಕೊಂಡು ತನ್ನ ಇರವನ್ನು ಸಾರುತ್ತಿರುತ್ತದೆ. ಇಲ್ಲಿ ಬೆವರಿದ್ದೇ ತಿಳಿಯದ ಹಾಗೆ ಆರಿಹೋಗುತ್ತದೆ, ಅಂಗಿಯ ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆ ಮಾತ್ರ ಉಳಿಯುತ್ತದೆ. ಬಾಯಾರಿಕೆ ಎಂದು ಅನ್ನಿಸುವ ಹೊತ್ತಿಗೆ ತಡವಾಗಿರುತ್ತದೆ.

ಅದೇ ಒಣ ಗಾಳಿಯಿಂದ ಒಂದು ಉಪಕಾರವೂ ಉಂಟು. ಮಣ್ಣಿನ ಮಡಕೆ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಇಲ್ಲಿಯವರು ಅದನ್ನು ರಂಜನ್ ಎನ್ನುತ್ತಾರೆ. ಫೆಬ್ರವರಿಗೆಲ್ಲ ರಸ್ತೆಬದಿಯಲ್ಲಿ ಸಾಲಾಗಿ ಕೂತು ಗಿರಾಕಿ ಕಾಯುತ್ತವೆ. ಮಡಕೆಯ ಮೈಯಿಂದ ಜಿನುಗುವ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಕರಾವಳಿಯ ಗಾಳಿಯಲ್ಲೇ ನೀರು ತುಂಬಿರುವಾಗ ಆ ಆವಿಗೆ ಜಾಗವೆಲ್ಲಿ? ಹಾಗಾಗಿ ಅಲ್ಲಿ ಮಡಕೆಯ ನೀರು ಇಷ್ಟು ತಣ್ಣಗಾಗದು. ಪಾನಕಕ್ಕೆ ಈ ರಂಜನ್ ನೀರೇ ಸರಿ ಎಂಬುದು ನನ್ನ ತೀರ್ಮಾನ. ಫ್ರಿಜ್ಜಿನ ನೀರು ನಾಲಗೆಗೆ ಜೋಮು ಹಿಡಿಸುತ್ತದೆ. ಆಮೇಲೆ ಏಲಕ್ಕಿ ಹಾಕಿದರೇನು, ಬಿಟ್ಟರೇನು. ಐಸ್ ತುಂಡು ಹಾಕುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಅವರಿಗೆ ಬೇಕಾದ್ದು ತಂಪು, ಪಾನಕವಲ್ಲ.

ನನ್ನ ಹುಳಿ ಮುರುಗಲು. ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುತ್ತಾರೆ, ಗೋವೆ-ಕೊಂಕಣದವರು ಕೋಕಂ. ಏಪ್ರಿಲ್-ಮೇ ಹೊತ್ತಿಗೆ ಹಣ್ಣಾಗುತ್ತದೆ. ಮಳೆ ಬೇಗ ಬಂದರೆ ಹಣ್ಣು ಕೊಳೆತು ಕೈಗೆ ಸಿಗುವುದಿಲ್ಲ. ನಮ್ಮ ಮನೆಯಲ್ಲಿ ಆಯಿ ಹಣ್ಣನ್ನು ಅಡ್ಡ ಹೋಳು ಮಾಡಿ, ಬೀಜ ತೆಗೆದು, ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ ಭರಣಿಯಲ್ಲಿ ಒಂದರ ಮೇಲೊಂದು ಜೋಡಿಸುತ್ತಿದ್ದಳು. ಬಿಸಿಲಿಗೆ ಇಟ್ಟು ಕೆಲವು ದಿನ ಬಿಟ್ಟರೆ ಸಕ್ಕರೆ ಎಲ್ಲ ಕರಗಿ ಕಡುಗೆಂಪು ರಸವಾಗುತ್ತಿತ್ತು. ಒಲೆ ಹಚ್ಚುವ ಮಾತೇ ಇಲ್ಲ. ಉಳಿದ ಸಿಪ್ಪೆಗೆ ಉಪ್ಪು ಬೆರೆಸಿ ಒಣಗಿಸಿದರೆ ಮಳೆಗಾಲದ ಸಾರಿಗಾಯಿತು. ಬೀಜ ಬೇಯಿಸಿ ತೆಗೆದ ಮುರುಗಲು ತುಪ್ಪ ಒಡೆದ ಹಿಮ್ಮಡಿಗೆ. ಒಂದು ಹಣ್ಣಿನಲ್ಲಿ ಎಸೆಯುವುದು ಏನೂ ಇರುತ್ತಿರಲಿಲ್ಲ. ಮನೆಗೆ ಯಾರೇ ಬರಲಿ, ಅಂಗಳದಲ್ಲಿ ಕಾಲು ತೊಳೆಯುವಾಗಲೇ ಆಯಿಯ ದನಿ ಒಳಗಿನಿಂದ ಕೇಳುತ್ತಿತ್ತು: "ಬಿಸ್ಲಲ್ಲಿ ಬಂದ್ಯಲ, ಮೊದ್ಲು ಆಸ್ರಿಗೆ ಕುಡಿ." ಬೆಲ್ಲ-ನೀರು ತಕ್ಷಣಕ್ಕೆ, ಹಿಂದೆಯೇ ಮುರುಗಲು ಪಾನಕ. ಬಂದವರು ಸಾಲ ಕೇಳಲು ಬಂದಿದ್ದಾರೋ ಸಾಲ ತೀರಿಸಲು ಬಂದಿದ್ದಾರೋ ಎಂಬ ವಿಚಾರ ಲೋಟ ಖಾಲಿಯಾದ ಮೇಲೆ.

ಮದುವೆಯಾದ ಹೊಸದರಲ್ಲಿ ನಾನು ಹೆಮ್ಮೆಯಿಂದ ಈ ಕೆಂಪು ಪಾನಕವನ್ನು ರಾಯಚೂರಿನವಳ ಮುಂದಿಟ್ಟೆ. ಒಂದು ಗುಟುಕು ಕುಡಿದು ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. "ಬಣ್ಣ ಛಲೋ ಅದ ಬಿಡ್ರಿ" ಎಂದಳು. ಮುಂದೆ ಮಾತಿಲ್ಲ. ಉತ್ತರ ಕರ್ನಾಟಕದವರು ಬಣ್ಣವನ್ನು ಹೊಗಳಿದರೆ ರುಚಿಯ ಬಗ್ಗೆ ಕೇಳಬಾರದು ಎಂದು ನನಗೆ ಆಗ ತಿಳಿದಿರಲಿಲ್ಲ. ಕೇಳಿದೆ. "ಹುಣಸಿಹಣ್ಣಿನ ಮುಂದ ಇದು ಕೂಸು ನೋಡ್ರಿ."

ಅವಳ ಹುಳಿ ಹುಣಸೆ. ಆ ಪಾನಕಕ್ಕೆ ಹೊಸ ಹುಣಸೆಹಣ್ಣೇ ಆಗಬೇಕು. ಫೆಬ್ರವರಿ-ಮಾರ್ಚಿನಲ್ಲಿ ಮರದಿಂದ ಬಡಿದು ತಂದದ್ದು, ಇನ್ನೂ ಕಂದು ಬಣ್ಣದ್ದು. ವರ್ಷ ಕಳೆದು ಕಪ್ಪಾದ ಹುಣಸೆ ಸಾರಿಗೆ ಸರಿ, ಪಾನಕಕ್ಕೆ ಸಲ್ಲ. ತಣ್ಣೀರಲ್ಲಿ ನೆನೆಸಿ, ಕೈಯಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಬೇಕು. ಬೆಲ್ಲವನ್ನು ಬೇರೆಯೇ ನೀರಲ್ಲಿ ಕರಗಿಸಿ ಅದನ್ನೂ ಸೋಸಬೇಕು. ಬೆಲ್ಲದ ಅಡಿಯಲ್ಲಿ ಉಳಿಯುವ ಮರಳು, ಕಸ ನೋಡಿದವರು ಈ ಕೆಲಸ ತಪ್ಪಿಸುವುದಿಲ್ಲ. ಎರಡನ್ನೂ ಕೂಡಿಸಿ ಹುರಿದ ಜೀರಿಗೆ ಪುಡಿ, ಕುಟ್ಟಿದ ಮೆಣಸು, ಉಪ್ಪು. "ಖಾರ ಇರ್ಲಾರದ ಪಾನಕ ಏನ್ ಪಾನಕರಿ?" ಎಂಬುದು ಅವಳ ಸಿದ್ಧಾಂತ. ಮೊದಲ ಗುಟುಕಿಗೆ ಹುಳಿ, ನುಂಗುವಾಗ ಸಿಹಿ, ನುಂಗಿದ ಮೇಲೆ ಗಂಟಲಲ್ಲಿ ಮೆಣಸು. ಹಣೆಯಲ್ಲಿ ಸಣ್ಣಗೆ ಬೆವರು ಬರಿಸಿ ಆ ಬೆವರಿನಿಂದಲೇ ತಣ್ಣಗೆ ಮಾಡುವ ಉಪಾಯ. ಮುರುಗಲಿಗೆ ಈ ಜಗಳಗಂಟಿತನವಿಲ್ಲ, ಒಪ್ಪುತ್ತೇನೆ. ಆದರೆ ಮನೆಯಲ್ಲಿ ಒಪ್ಪಿಲ್ಲ.

ಹುಣಸೆ ಮೂಲದಲ್ಲಿ ಆಫ್ರಿಕದ ಮರ. ಯಾವ ಕಾಲದಲ್ಲಿ ಬಂತೋ, ಬಂದು ದಖನ್ನಿನ ಒಣನೆಲದಲ್ಲಿ ಹೀಗೆ ಬೇರುಬಿಟ್ಟಿತೆಂದರೆ ಈಗ ಅದನ್ನು ಹೊರಗಿನದು ಎಂದರೆ ಹೊಡೆದಾರು. ಹೈದರಾಬಾದಿನವರಿಗಂತೂ ಹುಣಸೆಮರದ ಋಣ ಅಡಿಗೆಮನೆಯಾಚೆಗೂ ಇದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರನ್ನು ಕೊಚ್ಚಿಕೊಂಡು ಹೋದಾಗ ಅಫ್ಜಲ್‌ಗಂಜಿನ ಒಂದು ಹುಣಸೆಮರವನ್ನು ಹತ್ತಿ ಸುಮಾರು 150 ಮಂದಿ ಜೀವ ಉಳಿಸಿಕೊಂಡರು. ಆ ಮರ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಹುಣಸೆಯ ಕೊಂಬೆ ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ ಎಂದು ಹಳ್ಳಿಯ ಮಕ್ಕಳಿಗೂ ಗೊತ್ತು. ಬೆತ್ತದ ಬದಲಿಗೆ ಮೇಷ್ಟರುಗಳು ಅದನ್ನೇ ತರಿಸುತ್ತಿದ್ದರು. ಆ ಗುಣದಿಂದ ಇಷ್ಟು ದೊಡ್ಡ ಉಪಕಾರವಾದ ಇನ್ನೊಂದು ಸಂದರ್ಭವನ್ನು ನಾನು ಕೇಳಿಲ್ಲ.

ಯುಗಾದಿಯ ದಿನ ನಮ್ಮ ಮನೆಯಲ್ಲಿ ಸೀಮಾವಿವಾದ ನಡೆಯುತ್ತದೆ. ಶಿರಸಿ ಕಡೆ ಬೇವು-ಬೆಲ್ಲ ಎಂದರೆ ಚಿಟಿಕೆಯಷ್ಟು. ನಾಲಗೆಗೆ ತಾಗಿಸಿ, ಮುಖ ಕಿವುಚಿ, ವರ್ಷದ ಕಹಿಯನ್ನು ಮುಗಿಸಿಬಿಡುವ ಶಾಸ್ತ್ರ. ರಾಯಚೂರಿನಲ್ಲಿ ಬೇವನ್ನು ಲೋಟಗಟ್ಟಲೆ ಕುಡಿಯುತ್ತಾರೆ. ಹೊಸ ಮಡಕೆಯಲ್ಲಿ ಹೊಸ ಹುಣಸೆಯ ರಸ, ಬೆಲ್ಲ, ಹೆಚ್ಚಿದ ಮಾವಿನಕಾಯಿ, ಪುಟಾಣಿ ಹಿಟ್ಟು, ದ್ರಾಕ್ಷಿ, ಮೇಲೆ ಬೇವಿನ ಹೂವು. ನಲ್ಗೊಂಡದ ರೆಡ್ಡಿಗಾರು ಮನೆಯಿಂದ ಬರುವ ಯುಗಾದಿ ಪಚ್ಚಡಿಯೂ ಇದಕ್ಕೆ ಬಲು ಹತ್ತಿರ. ತೆಲಂಗಾಣದಲ್ಲಿ ಅದು ತೆಳ್ಳಗೆ, ಕುಡಿಯುವ ಹದಕ್ಕೇ ಇರುತ್ತದೆ. ರೆಡ್ಡಿಗಾರು ಹೆಂಡತಿ ಚೊಂಬು ಹಿಡಿದು ಬಂದು "ವದಿನಾ, ಮೀದಿ ಮಾದಿ ಒಕಟೇ" ಎನ್ನುತ್ತಾರೆ. ಅತ್ತಿಗೆ, ನಿಮ್ಮದೂ ನಮ್ಮದೂ ಒಂದೇ. ನನ್ನಾಕೆ ಗೆದ್ದವಳಂತೆ ನನ್ನ ಕಡೆ ನೋಡುತ್ತಾಳೆ. ಒಂದೇ ಆಗಿರದೆ ಇನ್ನೇನು? 1956ರ ನವೆಂಬರ್ 1ರ ತನಕ ರಾಯಚೂರೂ ನಲ್ಗೊಂಡವೂ ಒಂದೇ ಹೈದರಾಬಾದ್ ರಾಜ್ಯದ ಜಿಲ್ಲೆಗಳು. ಗೆರೆ ಎಳೆದವರು ಭಾಷೆ ನೋಡಿ ಎಳೆದರು. ಹುಳಿ ನೋಡಿ ಎಳೆದಿದ್ದರೆ ಶಿರಸಿಯನ್ನು ರತ್ನಾಗಿರಿಯ ಜೊತೆ ಸೇರಿಸಿ ರಾಯಚೂರನ್ನು ಇಲ್ಲೇ ಬಿಡಬೇಕಾಗುತ್ತಿತ್ತು, ನಮ್ಮ ಮದುವೆ ಅಂತರರಾಜ್ಯ ಮದುವೆಯಾಗುತ್ತಿತ್ತು.

ಆದರೆ ರೆಡ್ಡಿಗಾರು ಮನೆಯ ಇನ್ನೊಂದು ಪದಾರ್ಥ ನನ್ನ ಪಕ್ಷಕ್ಕೆ ಬಂತು. ಅದರ ಹೆಸರು ಪಚ್ಚಿ ಪುಲುಸು. ಹುಣಸೆರಸವನ್ನು ಕುದಿಸದೆ ಹಾಗೆಯೇ ಇಟ್ಟು, ಸುಟ್ಟ ಹಸಿಮೆಣಸು, ಈರುಳ್ಳಿ, ಕೊತ್ತಂಬರಿ ಸೊಪ್ಪು ಕಿವುಚಿ, ಒಗ್ಗರಣೆ ಕೊಟ್ಟರೆ ಮುಗಿಯಿತು. ಕೆಲವರು ಎಳ್ಳಿನ ಪುಡಿಯನ್ನೂ ಹಾಕುತ್ತಾರೆ. ಅನ್ನಕ್ಕೆ ಕಲಸಿಕೊಳ್ಳಲು ಮಾಡಿದ್ದು. ನಾನು ಬಟ್ಟಲು ಎತ್ತಿ ಕುಡಿದೆ. ರೆಡ್ಡಿಗಾರು ಬೆರಗಾದರು. ಅವರಿಗೆ ನಮ್ಮ ಅಪ್ಪೆಹುಳಿಯ ವಿಷಯ ಗೊತ್ತಿರಲಿಲ್ಲ. ಉತ್ತರ ಕನ್ನಡದಲ್ಲಿ ಮಾವಿನಕಾಯಿಯನ್ನು ಬೇಯಿಸಿ ಕಿವುಚಿ, ಬೇಕಾದಷ್ಟು ನೀರು, ಉಪ್ಪು, ಚೂರು ಸಿಹಿ ಸೇರಿಸಿ, ಇಂಗು-ಸಾಸಿವೆ-ಮೆಣಸಿನ ಒಗ್ಗರಣೆ ಕೊಟ್ಟು ಮಧ್ಯಾಹ್ನದ ಊಟದ ಕೊನೆಗೆ ಕುಡಿಯುತ್ತಾರೆ. ಕುಡಿದವನು ಜಗಲಿಯ ಮೇಲೆ ಎರಡು ತಾಸು ಏಳುವುದಿಲ್ಲ. ಹೊಳೆಬದಿಯ ಅಪ್ಪೆಮಿಡಿ ಮರಗಳ ಪರಿಮಳದ ಕಾಯಿ ಸಿಕ್ಕರೆ ಇನ್ನೂ ಒಳ್ಳೆಯದು. ಕುಷಾಯಿಗೂಡದ ರೈತು ಬಜಾರಿನಲ್ಲಿ ಅಪ್ಪೆ ಎಲ್ಲಿ ಬರಬೇಕು? ಇಲ್ಲಿಯ ಮಾವಿನಕಾಯಿ ಆವಕಾಯಿಗೆ ಹೇಳಿಮಾಡಿಸಿದ್ದು. ಹುಳಿ ಇದೆ, ಸುವಾಸನೆ ಇಲ್ಲ. ಅದಕ್ಕೆ ಅಪ್ಪೆಹುಳಿ ಮಾಡುವ ದಿನ ನಾನು ಕರಿಬೇವನ್ನು ಒಂದು ಹಿಡಿ ಹೆಚ್ಚೇ ಹಾಕುತ್ತೇನೆ.

ಮಾವಿನಕಾಯಿಯ ವಿಷಯದಲ್ಲಿ ನಮ್ಮ ಕಟ್ಟಡವೆಲ್ಲ ಒಂದೇ ಪಕ್ಷ. ಸೋಲಾಪುರದವರು ಚೈತ್ರದ ಅರಿಶಿನ-ಕುಂಕುಮಕ್ಕೆ ಕರೆದು ಕೈರಿ ಪನ್ಹೆ ಕೊಡುತ್ತಾರೆ, ಏಲಕ್ಕಿ-ಕೇಸರಿ ಹಾಕಿದ್ದು. ಮೇಲಿನ ಬಂಗಾಳಿಗಳು ಕಾಯಿಯನ್ನು ಗ್ಯಾಸಿನ ಉರಿಯಲ್ಲೇ ಬದನೆಕಾಯಿಯಂತೆ ಸುಟ್ಟು ತಿರುಳು ತೆಗೆದು ಶರಬತ್ತು ಮಾಡುತ್ತಾರೆ. ಆ ಹೊಗೆಯ ವಾಸನೆಗೆ ಮೊದಲು ಮೂಗು ಒಲ್ಲೆ ಎಂದರೂ ಆಮೇಲೆ ಅದನ್ನೇ ಹುಡುಕುತ್ತದೆ.

ಎದುರುಮನೆಯ ಒಡಿಯಾ ಕುಟುಂಬದ ಜೊತೆ ಒಂದು ಗೊಂದಲವಾಯಿತು. ಏಪ್ರಿಲ್ ನಡುವಿಗೆ ಅವರ ಪಣಾ ಸಂಕ್ರಾಂತಿ. ಅಂದು ಬೇಲ ಪಣಾ ಮಾಡುತ್ತಾರೆ. ನಾನು ಬೇಲದ ಹಣ್ಣಿನ ಪಾನಕವೆಂದೇ ತಿಳಿದು ಆಸೆಯಿಂದ ಕಾದೆ. ಬಂದದ್ದು ಬಿಲ್ವದ ಹಣ್ಣಿನ ಪಾನಕ! ನಾವು ಶಿವನಿಗೆ ಎಲೆ ಏರಿಸಿ ಹಣ್ಣನ್ನು ಮರೆತುಬಿಟ್ಟಿದ್ದೇವೆ. ಅವರು ಎಲೆ ಶಿವನಿಗೆ ಕೊಟ್ಟು ಹಣ್ಣನ್ನು ತಮಗೆ ಇಟ್ಟುಕೊಂಡಿದ್ದಾರೆ. ಹಳದಿ ತಿರುಳನ್ನು ನೀರಲ್ಲಿ ಕಿವುಚಿ, ಬೆಲ್ಲ, ಹಾಲು, ಬಾಳೆಹಣ್ಣು, ತೆಂಗಿನತುರಿ, ಮೆಣಸು ಹಾಕಿದ್ದರು. ಹುಳಿಯೇ ಇಲ್ಲ. ಹೊಟ್ಟೆಗೆ ಹಿತ ಎಂದು ಒಪ್ಪಿಕೊಂಡೆ, ನನ್ನ ಸಿದ್ಧಾಂತಕ್ಕೆ ಮಾತ್ರ ಒಂದು ಏಟು ಬಿತ್ತು.

ಮುಂದಿನ ರಾಮನವಮಿಗೆ ನಾನು ಬೇಲದ ಹಣ್ಣಿನ ಪಾನಕ ಮಾಡಿ ಕೊಟ್ಟೆ. ತೆಲುಗರ ವೆಲಗ ಪಂಡು, ಸಂಸ್ಕೃತದ ಕಪಿತ್ಥ; ಗಣಪತಿಯ ಪೂಜೆಯಲ್ಲಿ ಹೆಸರು ಕೇಳಿರುತ್ತೀರಿ. ಬೂದುಬಣ್ಣದ ಗಟ್ಟಿ ಕವಚದ ಹಣ್ಣು. ಹಣ್ಣಾಗಿದೆಯೋ ಎಂದು ತಿಳಿಯಲು ಮಾರುವವಳು ಅದನ್ನು ನೆಲಕ್ಕೆ ಬಿಟ್ಟು ತೋರಿಸುತ್ತಾಳೆ. ಪುಟಿದರೆ ಕಾಯಿ, ಪುಟಿಯದೆ ಕೂತರೆ ಹಣ್ಣು. ಮೂಗಿನ ಬಳಿ ತಂದರೆ ಅನುಮಾನವೇ ಉಳಿಯುವುದಿಲ್ಲ. ಮನೆಯಲ್ಲಿ ಒಡೆದಾಗ ಮಕ್ಕಳು ಓಡಿಹೋಗುವ ಆ ವಾಸನೆ ಬೆಲ್ಲದ ನೀರಿಗೆ ಇಳಿದ ಮೇಲೆ ಹೇಗೆ ಅಷ್ಟು ಘನವಾಗುತ್ತದೋ! ತಿರುಳನ್ನು ಬೀಜ-ನಾರು ಸಮೇತ ನೀರಲ್ಲಿ ಕಿವುಚಿ, ಜಾಲರಿಯಲ್ಲಿ ಸೋಸಿ, ಬೆಲ್ಲ, ಏಲಕ್ಕಿ, ಚೂರು ಶುಂಠಿ. ಇದಕ್ಕೆ ಮಿಕ್ಸಿ ಹಾಕಬಾರದು, ಬೀಜ ಒಡೆದು ಒಗರಾಗುತ್ತದೆ. ಒಡಿಯಾ ಭಾಭಿ ಕುಡಿದು, "ಇದು ನಮ್ಮ ಕಡೆ ಕೈಥ. ನಾವು ಚಟ್ನಿ ಮಾಡುತ್ತೇವೆ" ಎಂದರು.

ಬಿಲ್ವ, ಬೇಲ ಎರಡೂ ನಿಂಬೆಯ ಕುಟುಂಬದವೇ. ಸಸ್ಯಶಾಸ್ತ್ರದವರು ರುಟೇಸಿ ಎನ್ನುವ ಈ ಮನೆತನದಲ್ಲಿ ಕಿತ್ತಳೆ, ಮೋಸಂಬಿ, ಹೇರಳೆ ಇವೆ. ನಾನು ಅಪ್ಪೆಹುಳಿಗೆ ಹಿಡಿ ತುಂಬ ಹಾಕುವ ಕರಿಬೇವೂ ಅದೇ ಮನೆಯ ಮಗಳು. ಎಲೆಯನ್ನು ಬೆಳಕಿಗೆ ಹಿಡಿದರೆ ಸಣ್ಣ ಚುಕ್ಕೆಗಳು ಕಾಣುತ್ತವೆ. ಅವು ಪರಿಮಳದ ಎಣ್ಣೆಯ ಚೀಲಗಳು. ಬೇಸಗೆಯ ಪಾನಕಗಳ ದೊಡ್ಡದೊಂದು ಪಾಲನ್ನು ಒಂದೇ ಕುಟುಂಬ ವಹಿಸಿಕೊಂಡಿದೆ ಎಂದರಾಯಿತು.

ನಿಂಬೆಯ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ, ಅದು ಎಲ್ಲರ ಹುಳಿ. ವಿಜಯಪುರದ ಇಂಡಿಯದೂ ಅಷ್ಟೆ, ನೆಲ್ಲೂರು ಕಡೆಯ ಗೂಡೂರಿನದೂ ಅಷ್ಟೆ. 2022ರ ಏಪ್ರಿಲ್‌ನಲ್ಲಿ ದೇಶವೆಲ್ಲ ನಿಂಬೆ ತುಟ್ಟಿಯಾಗಿ ಒಂದೊಂದು ಹಣ್ಣಿಗೆ ಹತ್ತು ರೂಪಾಯಿ ಆದಾಗ ನನ್ನಾಕೆ ಸಂಭ್ರಮದಿಂದಲೇ ಹುಣಸೆ ಡಬ್ಬಿ ತೆಗೆದಳು. ನಿಂಬೆಯ ಒಂದು ಗುಣವನ್ನು ಮಾತ್ರ ನೆನಪಿಡಿ: ಹಿಂಡಿ ಬಹಳ ಹೊತ್ತು ಇಟ್ಟರೆ ಕಹಿಯಾಗುತ್ತದೆ. ರಸದೊಳಗೆ ರುಚಿಯಿಲ್ಲದೆ ಅಡಗಿದ್ದ ವಸ್ತು ಹುಳಿಯ ಸಹವಾಸದಲ್ಲಿ ನಿಧಾನಕ್ಕೆ ಕಹಿಯಾದ ಲಿಮೊನಿನ್ ಆಗಿ ಬದಲಾಗುತ್ತದೆ. ರೆಡ್ಡಿಗಾರು ಊರಿಂದ ತರುವ ಬತ್ತಾಯಿಗೂ, ನಲ್ಗೊಂಡದ ಹೆಮ್ಮೆಯಾದ ಆ ಮೋಸಂಬಿಗೂ, ಇದೇ ಮಾತು. ಬೆಳಿಗ್ಗೆ ಹಿಂಡಿ ಸಂಜೆಗೆ ಕುಡಿಯುವವರು ಮಾರಿದವನನ್ನು ಬೈದು ಫಲವಿಲ್ಲ.

ಇನ್ನು ಉಪ್ಪಿನ ಮಾತು. ಆಯಿ ಪಾನಕಕ್ಕೂ ಚಿಟಿಕೆ ಉಪ್ಪು ಹಾಕುತ್ತಿದ್ದಳು, "ರುಚಿಗೆ" ಎನ್ನುತ್ತಿದ್ದಳು. ಆ ಚಿಟಿಕೆಗೆ ರುಚಿಯಾಚೆಗೂ ಕೆಲಸವಿದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದೆ ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನೇ ಬಾಯಿಂದ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಕರುಳು ಉಪ್ಪನ್ನು ಒಳಗೆ ಬಿಟ್ಟುಕೊಳ್ಳಲು ಸಕ್ಕರೆ ಜೊತೆಗಿರಬೇಕು, ಅವೆರಡರ ಹಿಂದೆ ನೀರು ತಾನಾಗಿ ಬರುತ್ತದೆ. ಮನೆಯಲ್ಲಿ ಮಾಡುವ ಅಳತೆ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾ ಚಮಚದ ಲೆಕ್ಕ. ಇದು ಔಷಧ, ಪಾನಕದ ಉಪ್ಪು ಇಷ್ಟಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಉಪ್ಪಿಲ್ಲದ, ಬರೀ ಸಿಹಿಯ ಬಣ್ಣದ ನೀರು ಬಿಸಿಲಲ್ಲಿ ಬಂದವನಿಗೆ ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಹಿಂದಿನವರು ಇದನ್ನೆಲ್ಲ ಗಂಭೀರವಾಗಿ ತೆಗೆದುಕೊಂಡಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಕುಡಿಯುವ ನೀರಿಗೇ ಒಂದು ಭಾಗವಿದೆ. ಯಾವ ಕಾಲಕ್ಕೆ ಎಲ್ಲಿಯ ನೀರು, ಅದಕ್ಕೆ ಯಾವ ಪರಿಮಳ ಎಂದು. ಆ ಕಲ್ಯಾಣ, ಎಂದರೆ ಇವತ್ತಿನ ಬಸವಕಲ್ಯಾಣ, ಹೈದರಾಬಾದಿನಿಂದ ಮುಂಬಯಿ ಹೆದ್ದಾರಿಯಲ್ಲಿ ಒಂದು ಬೆಳಗಿನ ಪ್ರಯಾಣ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ವಾರ್ಧಕ ಷಟ್ಪದಿಯಲ್ಲಿ ಅಡುಗೆಯ ಪುಸ್ತಕವನ್ನೇ ಬರೆದ. ಸೂಪಶಾಸ್ತ್ರವೆಂಬ ಆ ಕೃತಿಯಲ್ಲಿ ಪಾನಕಗಳಿಗೇ ಒಂದು ಅಧ್ಯಾಯ. ಅವನ ಊರು ಹುಣಸೂರು ಬಳಿಯ ಕಲ್ಲಹಳ್ಳಿ. ಹುಣಸೂರಿನ ನೆರೆಯವನು ಪಾನಕದ ಬಗ್ಗೆ ಬರೆಯದಿದ್ದರೆ ಇನ್ನಾರು ಬರೆಯಬೇಕು!

ದೇವರಲ್ಲಿಯೂ ಪಾನಕಪ್ರಿಯರುಂಟು. ಆಂಧ್ರದ ಮಂಗಳಗಿರಿಯ ಗುಡ್ಡದ ಮೇಲಿನ ನರಸಿಂಹನಿಗೆ ಪಾನಕಾಲಸ್ವಾಮಿ ಎಂದೇ ಹೆಸರು. ಭಕ್ತರು ತಂದ ಬೆಲ್ಲದ ಪಾನಕವನ್ನು ಅರ್ಚಕರು ಶಂಖದಿಂದ ಬಾಯಿಗೆ ಹುಯ್ಯುತ್ತಾರೆ. ಎಷ್ಟೇ ತಂದರೂ ಸ್ವಾಮಿ ಅರ್ಧ ಕುಡಿದು ಅರ್ಧವನ್ನು ತಂದವರಿಗೇ ಬಿಡುತ್ತಾನೆಂದು ನಂಬಿಕೆ. ಕೊಟ್ಟದ್ದರಲ್ಲಿ ಅರ್ಧ ವಾಪಸು ಮಾಡುವ ಇನ್ನೊಬ್ಬ ದೇವರನ್ನು ನಾನು ಕಾಣೆ.

ಸೊಪ್ಪು-ಬೇರುಗಳ ವಿಷಯದಲ್ಲಿ ಹೈದರಾಬಾದು ಶ್ರೀಮಂತ ಊರು. ಬಿರಿಯಾನಿಯ ಕೃಪೆಯಿಂದ ಪುದೀನ ವರ್ಷವಿಡೀ ಕಟ್ಟುಕಟ್ಟಾಗಿ ಸಿಗುತ್ತದೆ. ಕಬ್ಬಿನ ಹಾಲಿನ ಗಾಡಿಯವನು ಗಾಣಕ್ಕೆ ಕಬ್ಬಿನ ಜೊತೆ ನಿಂಬೆ, ಶುಂಠಿ, ಪುದೀನವನ್ನೂ ಮಡಚಿ ತೂರಿಸುತ್ತಾನೆ. ಸಬ್ಜಾ ಎಂದು ಮಾರುವ ಕಾಮಕಸ್ತೂರಿ ಬೀಜ ಕಿರಾಣಿ ಅಂಗಡಿಯಲ್ಲೇ ಇದೆ. ನೀರಲ್ಲಿ ನೆನೆಸಿದರೆ ಕಾಲು ಗಂಟೆಯೊಳಗೆ ಒಂದೊಂದು ಬೀಜಕ್ಕೂ ಲೋಳೆಯ ಅಂಗಿ. ನನ್ನಾರಿ, ಎಂದರೆ ನಮ್ಮ ಸೊಗದೆ ಬೇರು, ರಾಯಲಸೀಮೆಯವರ ಮೂಲಕ ಇಲ್ಲಿಗೆ ಬಂದಿದೆ. ಲಾವಂಚದ ಬೇರನ್ನು ಚೆನ್ನಾಗಿ ತೊಳೆದು ಬಟ್ಟೆಯಲ್ಲಿ ಕಟ್ಟಿ ರಂಜನ್‌ನೊಳಗೆ ಇಳಿಬಿಟ್ಟರೆ ನೀರೇ ಪಾನಕ, ಬೆಲ್ಲವೂ ಬೇಡ. ನಮ್ಮ ಬಾಲ್ಕನಿಯ ಕುಂಡಗಳಲ್ಲಿ ದೊಡ್ಡಪತ್ರೆ, ಒಂದೆಲಗ, ಮಜ್ಜಿಗೆಹುಲ್ಲು ಇವೆ. ಜೀರಿಗೆ-ಮೆಣಸನ್ನು ತುಪ್ಪದಲ್ಲಿ ಹುರಿದು, ಸೊಪ್ಪನ್ನು ಬಾಡಿಸಿ, ಕಾಯಿಯ ಜೊತೆ ಅರೆದು ಮಜ್ಜಿಗೆಗೆ ಬೆರೆಸಿದ ತಂಬುಳಿಯನ್ನು ರಾಯಚೂರಿನವಳೂ ತಕರಾರಿಲ್ಲದೆ ಕುಡಿಯುತ್ತಾಳೆ. ಮಜ್ಜಿಗೆಯ ಹುಳಿಗೆ ಮಾತ್ರ ಯಾವ ಊರೂ ಇಲ್ಲ, ಹಸು-ಎಮ್ಮೆ ಇರುವಲ್ಲೆಲ್ಲ ಅದರದೇ ಊರು.

ಬೇಸಗೆಯಲ್ಲಿ ದಾರಿಹೋಕರಿಗೆ ನೀರು-ಮಜ್ಜಿಗೆ ಕೊಡುವ ಅರವಟ್ಟಿಗೆಯನ್ನು ನಮ್ಮ ಹಳ್ಳಿಗಳಲ್ಲಿ ಹಿರಿಯರ ಹೆಸರಲ್ಲಿ ಇಡುತ್ತಿದ್ದರು. ಇಲ್ಲಿ ಅದಕ್ಕೆ ಚಲಿವೇಂದ್ರಂ ಎನ್ನುತ್ತಾರೆ. ಬಸ್ ನಿಲ್ದಾಣದ ಬಳಿ ತೆಂಗಿನ ಗರಿಯ ಚಪ್ಪರ, ಒದ್ದೆ ಗೋಣಿ ಸುತ್ತಿದ ರಂಜನ್‌ಗಳು, ಕಟ್ಟಿಸಿದವರ ಹೆಸರಿನ ಫ್ಲೆಕ್ಸು. ಫ್ಲೆಕ್ಸು ಕೆಲವೊಮ್ಮೆ ಚಪ್ಪರಕ್ಕಿಂತ ದೊಡ್ಡದಿರುತ್ತದೆ, ಇರಲಿ, ನೀರು ತಣ್ಣಗಿದೆ. ಹಳೇ ಊರಿನಲ್ಲಿ ಮೊಹರಂ ಹೊತ್ತಿಗೆ ಸಬೀಲ್ ಇಡುತ್ತಾರೆ. ಕರ್ಬಲಾದಲ್ಲಿ ನೀರಿಲ್ಲದೆ ಬಳಲಿದವರ ನೆನಪಿಗೆ ಹೋಗಿಬರುವವರಿಗೆಲ್ಲ ನೀರು, ಶರಬತ್ತು. ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ.

ಬಾಟಲಿಯ ಶರಬತ್ತುಗಳ ಬಗ್ಗೆ ನನಗೆ ದ್ವೇಷವಿಲ್ಲ. ರಂಜಾನ್ ತಿಂಗಳಲ್ಲಿ ಗೆಳೆಯರ ಮನೆಯಲ್ಲಿ ಹಾಲಿಗೆ ಬೆರೆಸಿದ ರೂಹ್ ಅಫ್ಜಾ ಕುಡಿದು ಸಂತೋಷಪಟ್ಟಿದ್ದೇನೆ. ಮಾವಿನ ಹಣ್ಣಿನ ಚಿತ್ರ ಅಂಟಿಸಿಕೊಂಡ ಡಬ್ಬಿಗಳ ಮಾತು ಬೇರೆ. ಅವುಗಳಲ್ಲಿ ಹುಳಿ ಎಂದರೆ ಸಿಟ್ರಿಕ್ ಆಮ್ಲ, ಎಲ್ಲ ಹಣ್ಣಿಗೂ ಅದೊಂದೇ. ಕುಡಿದವನು ಶಿರಸಿಯವನೋ ಸೋಲಾಪುರದವನೋ ತಿಳಿಯುವುದು ಹೇಗೆ?

ಈಗ ಒಂದು ಕೋರಿಕೆ. ಶಿರಸಿ, ಸಿದ್ದಾಪುರ, ಕುಮಟೆಯ ಕಡೆಯಿಂದ ಹೈದರಾಬಾದಿಗೆ ಬರುವವರು ಚೀಲದಲ್ಲಿ ಜಾಗವಿದ್ದರೆ ಒಂದು ಪಾವು ಒಣ ಮುರುಗಲು ಸಿಪ್ಪೆ ತನ್ನಿ, ಉಪ್ಪು ಹೆಚ್ಚಿರದ್ದು. ನಮ್ಮಲ್ಲಿ ಹೊಸ ಹುಣಸೆಹಣ್ಣು ಧಾರಾಳವಾಗಿದೆ, ಬದಲಿಗೆ ಅದನ್ನು ಕಟ್ಟಿಕೊಡುತ್ತೇವೆ. ಸಿಪ್ಪೆಯನ್ನು ನನ್ನ ಕೈಗೇ ಕೊಡಿ, ಮನೆಯಾಕೆಯ ಕೈಗೆ ಬೇಡ.